ಮುಖವಾಡವೂ ಮುಖವೂ

ಕನ್ನಡದಲ್ಲಿ ಮುಖವಾಡವೆಂಬ ಮಾತಿಗೆ ಎರಡು ಬಗೆಯ ಪ್ರಯೋಗಗಳುಂಟು. ಕಪಟಿಯೊಬ್ಬನ ನಿಜವು ಬಯಲಾದಾಗ ‘ಅವನ ಮುಖವಾಡ ಕಳಚಿತು’ ಎನ್ನುತ್ತೇವೆ. ಇಲ್ಲಿ ಮುಖವಾಡವೆಂದರೆ ಮರೆ, ಸೋಗು, ವಂಚನೆ. ಆದರೆ ಹಬ್ಬದ ದಿನ ದೇವಾಲಯದಲ್ಲಿ ಲಿಂಗಕ್ಕೆ ಬೆಳ್ಳಿಯ ಮುಖವಾಡವನ್ನು ತೊಡಿಸಿದರೆಂದು ಹೇಳುವಾಗ ಅದೇ ಮಾತಿನ ಅರ್ಥವು ಬೇರೆಯಾಗುತ್ತದೆ. ಅಲ್ಲಿ ಮುಖವಾಡವು ಯಾವುದನ್ನೂ ಮರೆಸುವುದಿಲ್ಲ. ಮುಖವಿಲ್ಲದುದಕ್ಕೆ ಮುಖವನ್ನು ಕೊಟ್ಟು ಭಕ್ತನಿಗೆ ದರ್ಶನ ಮಾಡಿಸುತ್ತದೆ. ಮುಚ್ಚುವುದಕ್ಕೂ ತೋರುವುದಕ್ಕೂ ಒಂದೇ ಪದವನ್ನು ಬಳಸಿದ ನಮ್ಮ ಹಿರಿಯರು ಪದಗಳಿಗೆ ಬಡವರಾಗಿದ್ದರೆಂದು ತಿಳಿಯಬೇಕಾದುದಿಲ್ಲ. ಆ ವಸ್ತುವಿನ ಸ್ವಭಾವವೇ ಅಂಥದು. ಅದು ಯಾವಾಗ ಮುಚ್ಚುತ್ತದೆ, ಯಾವಾಗ ತೋರುತ್ತದೆ ಎಂಬುದೇ ವಿಚಾರಮಾಡತಕ್ಕ ಸಂಗತಿ. ಇದಕ್ಕೆ ಇಟಲಿಯ ವೆನಿಸ್ ನಗರದ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಆದುದರಿಂದ ಈ ತಿಂಗಳು ನಮ್ಮ ವಾಚಕರನ್ನು ಆ ನೀರಿನ ಮೇಲಣ ಪಟ್ಟಣಕ್ಕೆ ಕರೆದೊಯ್ಯುತ್ತೇವೆ.

ಕ್ರೈಸ್ತರಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚೆ ನಲವತ್ತು ದಿನಗಳ ವ್ರತವೊಂದುಂಟು. ‘ಬೂದಿ ಬುಧವಾರ’ದ ದಿನ ಅದು ಮೊದಲಾಗುತ್ತದೆ. ಹಿಂದಿನ ಕಾಲದಲ್ಲಿ ಅಂದಿನಿಂದ ಮಾಂಸವೂ ವರ್ಜ್ಯ, ವಿನೋದವೂ ವರ್ಜ್ಯ. ಹೀಗಿರಲು, ವ್ರತಕ್ಕೆ ಹಿಂದಿನ ದಿನಗಳಲ್ಲಿ ಮನದಣಿಯೆ ಉಂಡು, ಹಾಡಿ, ಕುಣಿದು, ವೇಷ ಹಾಕಿ ನಲಿಯುವ ವಾಡಿಕೆಯು ಯೂರೋಪಿನ ಅನೇಕ ನಾಡುಗಳಲ್ಲಿ ಬೆಳೆದುಬಂದಿತು. ಈ ಸಂಭ್ರಮಕ್ಕೆ ಕಾರ್ನಿವಲ್ ಎಂದು ಹೆಸರು. ಮಾಂಸವನ್ನು ತೆಗೆದಿರಿಸುವುದೆಂಬ ಅರ್ಥದ ಲ್ಯಾಟಿನ್ ಮಾತುಗಳಿಂದ ಆ ಹೆಸರು ಹುಟ್ಟಿತೆಂಬುದು ಪಂಡಿತರಲ್ಲಿ ಹೆಚ್ಚಾಗಿ ಒಪ್ಪಿತವಾದ ಅಭಿಪ್ರಾಯ. ಕಟ್ಟುವ ಮುನ್ನ ಸಡಿಲಿಸುವುದು ಈ ಹಬ್ಬದ ಮರ್ಮ. ಆಳು ಅರಸನ ವೇಷ ತೊಡುವನು, ಅರಸನು ಆಳಿನ ವೇಷ ತೊಡುವನು, ಗಂಡಸು ಹೆಂಗಸಾಗುವನು, ವಿದೂಷಕನು ಬಿಷಪ್ಪನಾಗುವನು. ರಷ್ಯ ದೇಶದ ವಿಮರ್ಶಕ ಮಿಖಾಯಿಲ್ ಬಾಖ್ತಿನನು ಫ್ರೆಂಚ್ ಲೇಖಕ ರಾಬಲೇಯನ್ನು ಕುರಿತು ಬರೆದು 1965ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಹಬ್ಬಕ್ಕೆ ದೊಡ್ಡ ಅರ್ಥವೊಂದನ್ನು ಹೇಳಿದನು. ಕಾರ್ನಿವಲ್ಲಿನಲ್ಲಿ ಲೋಕವು ತಲೆಕೆಳಗಾಗುತ್ತದೆ. ಮೇಲುಕೀಳುಗಳು ಅಷ್ಟು ಹೊತ್ತು ಇಲ್ಲವಾಗುತ್ತವೆ. ಅಲ್ಲಿ ಆಡುವವರು ಬೇರೆ, ನೋಡುವವರು ಬೇರೆ ಎಂಬ ಭೇದವಿಲ್ಲ. ಜನಸಾಮಾನ್ಯರ ನಗೆಯು ಅಧಿಕಾರದ ಭಯವನ್ನು ತೊಳೆಯುತ್ತದೆ ಎಂಬುದು ಅವನ ವಾದದ ಸಾರ. ಈ ವಾದವು ಸಾಹಿತ್ಯವಿಮರ್ಶೆಯಲ್ಲಿ ಬಹಳ ಮನ್ನಣೆಯನ್ನು ಪಡೆದಿದೆ. ವೆನಿಸ್ಸಿನ ಮುಖವಾಡಕ್ಕೆ ಅದು ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ನೋಡೋಣ.

ವೆನಿಸ್ಸು ದೊರೆಯಿಲ್ಲದ ರಾಜ್ಯವಾಗಿದ್ದಿತು. ಕೆಲವು ಶ್ರೀಮಂತ ಮನೆತನಗಳವರು ಕೂಡಿ ಅದನ್ನು ಆಳುತ್ತಿದ್ದರು. 1296ರಲ್ಲಿ ಅಲ್ಲಿಯ ಸರ್ಕಾರವು ವ್ರತಕ್ಕೆ ಹಿಂದಿನ ದಿನವನ್ನು ಹಬ್ಬದ ದಿನವೆಂದು ಸಾರಿತು. ಕಾಲಕ್ರಮದಲ್ಲಿ ಆ ಒಂದು ದಿನವು ಬೆಳೆದು ವಾರಗಳಾಯಿತು. ಡಿಸೆಂಬರ್ 26ರಿಂದ ವ್ರತದ ಮುನ್ನಾದಿನದವರೆಗೂ ಕಾರ್ನಿವಲ್ ನಡೆಯುವುದು ರೂಢಿಯಾಯಿತು. ಹದಿನೆಂಟನೆಯ ಶತಮಾನದ ವೇಳೆಗೆ ಅಕ್ಟೋಬರಿನಲ್ಲಿ ನಾಟಕಶಾಲೆಗಳು ತೆರೆದಾಗಲೇ ಮುಖವಾಡಗಳು ಹೊರಬೀಳುತ್ತಿದ್ದವು. ಕ್ರಿಸ್ಮಸ್ಸಿಗೆ ಮುಂಚೆ ಕೆಲವು ದಿನ ಬಿಡುವು. ಬೇಸಗೆಯ ಮೊದಲಲ್ಲಿ ಇನ್ನೊಂದು ಹಬ್ಬದ ಹದಿನೈದು ದಿನ ಮತ್ತೆ ಮುಖವಾಡ. ಹೀಗೆ ವರ್ಷದಲ್ಲಿ ಸುಮಾರು ಅರ್ಧಕಾಲ ಆ ಊರಿನವರು ಮುಖವನ್ನು ಮುಚ್ಚಿಕೊಂಡು ಬೀದಿಯಲ್ಲಿ ತಿರುಗಾಡುತ್ತಿದ್ದರು. ಮುಖವಾಡಗಳನ್ನು ಮಾಡುವುದೇ ಒಂದು ಕಸುಬಾಗಿ, 1436ರಲ್ಲಿ ಆ ಕಸುಬಿನವರಿಗೆ ತಮ್ಮದೇ ಆದ ಕಟ್ಟಳೆಗಳುಳ್ಳ ಸಂಘವು ಏರ್ಪಟ್ಟಿತು. ನೆನೆಸಿದ ಕಾಗದದ ಪದರುಗಳನ್ನು ಅಂಟಿನಿಂದ ಅಚ್ಚಿನಲ್ಲಿ ಕೂರಿಸಿ, ಒಣಗಿಸಿ, ಸುಣ್ಣಬಣ್ಣಗಳನ್ನು ಹಚ್ಚುವುದು ಅವರ ಕೆಲಸ.

ಜನರು ಮುಖವಾಡ ಹಾಕಿದ ಕಡೆಯಲ್ಲೆಲ್ಲ ಸರ್ಕಾರವು ಕಾನೂನು ಹಾಕುತ್ತ ಬಂದಿತು. ಮುಖವಾಡಧಾರಿಗಳು ದಾರಿಹೋಕರ ಮೇಲೆ ಮೊಟ್ಟೆ ಎಸೆಯಕೂಡದೆಂದು 1268ರಷ್ಟು ಹಿಂದೆಯೇ ಆಜ್ಞೆಯಾಯಿತು. ಅಂದಿನ ಪುಂಡರು ಮೊಟ್ಟೆಯ ಚಿಪ್ಪಿನಲ್ಲಿ ಪನ್ನೀರನ್ನು ತುಂಬಿ ಎಸೆಯುತ್ತಿದ್ದರಂತೆ! ಮುಖವಾಡ ತೊಟ್ಟು ಇರುಳಿನಲ್ಲಿ ಅಲೆಯಕೂಡದು, ಸ್ತ್ರೀವೇಷದಿಂದ ಸಂನ್ಯಾಸಿನಿಯರ ಮಠಗಳನ್ನು ಹೊಗಕೂಡದು ಎಂದು ಮುಂದೆ ಬೇರೆ ಬೇರೆ ಆಜ್ಞೆಗಳು ಬಂದವು. 1608ರಲ್ಲಿ ‘ಹತ್ತು ಮಂದಿಯ ಸಭೆ’ಯೆಂಬ ಪ್ರಬಲವಾದ ಅಧಿಕಾರಮಂಡಲವು, ಹಬ್ಬದ ಕಾಲವನ್ನುಳಿದು ಮುಖವಾಡ ತೊಡುವವರಿಗೆ ಕಠಿಣ ಶಿಕ್ಷೆಯನ್ನು ವಿಧಿಸಿತು. ಇಷ್ಟು ಕಟ್ಟಳೆಗಳಿದ್ದುದರಿಂದ ಸರ್ಕಾರವು ಮುಖವಾಡವನ್ನು ದ್ವೇಷಿಸುತ್ತಿದ್ದಿತೆಂದು ತಿಳಿಯಬಾರದು. ಕಾಲವನ್ನೂ ಸ್ಥಳವನ್ನೂ ಗೊತ್ತುಮಾಡಿ, ಅದರೊಳಗೆ ಮಾತ್ರ ಬಿಡುವುದು ಅದರ ನೀತಿಯಾಗಿದ್ದಿತು. ಏರಿಯಿಲ್ಲದ ನೀರು ಊರನ್ನು ಮುಳುಗಿಸುತ್ತದೆ. ಏರಿ ಕಟ್ಟಿದರೆ ಕೆರೆಯಾಗುತ್ತದೆ. ನೀರಿನ ನಡುವೆ ಬಾಳಿದ ವೆನಿಸ್ಸಿನವರಿಗೆ ಈ ಮಾತನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆ ಊರಿನ ಮುಖ್ಯವಾದ ಉಡುಪಿಗೆ ಬೌತಾ ಎಂದು ಹೆಸರು. ಅದು ಬರಿಯ ಮುಖವಾಡವಲ್ಲ. ತಲೆಯನ್ನೂ ಕೊರಳನ್ನೂ ಮುಚ್ಚುವ ಕಪ್ಪು ರೇಷ್ಮೆಯ ಕುಲಾವಿ, ಹೆಗಲಿನಿಂದ ಇಳಿಬಿದ್ದ ಅಗಲವಾದ ಮೇಲಂಗಿ, ಮೂರು ಮೂಲೆಯ ಟೊಪ್ಪಿಗೆ, ಮುಖಕ್ಕೆ ಬೆಳ್ಳಗಿನ ಮುಖವಾಡ. ಮುಖವಾಡದ ಕೆಳಭಾಗವು ಮುಂದಕ್ಕೆ ಚಾಚಿಕೊಂಡಿರುವುದರಿಂದ ಅದನ್ನು ತೆಗೆಯದೆಯೆ ತಿನ್ನಬಹುದು, ಕುಡಿಯಬಹುದು. ಮಾತಾಡಿದರೆ ಧ್ವನಿಯೂ ಬದಲಾಗಿ ಕೇಳಿಸುತ್ತದೆ. ಗಂಡಸರೂ ಹೆಂಗಸರೂ ಇದನ್ನೇ ತೊಡುತ್ತಿದ್ದರು. ಎದುರಾದವರು ಹೆಸರನ್ನಾಗಲಿ ಬಿರುದನ್ನಾಗಲಿ ಹಿಡಿದು ಕರೆಯುವಂತಿಲ್ಲ. ‘ಮುಖವಾಡದಮ್ಮನವರೇ, ನಮಸ್ಕಾರ’ ಎಂಬಷ್ಟೇ ಎಲ್ಲರಿಗೂ ಸಲ್ಲುವ ಮರ್ಯಾದೆ. ಒಳಗಿರುವವನು ಮೀಸೆ ಹೊತ್ತ ಗಂಡಸಾದರೂ ಆ ಹೊತ್ತಿಗೆ ಅವನು ಅಮ್ಮನವರೇ!

ಇದನ್ನು ನೋಡಿದರೆ ಬಾಖ್ತಿನನ ಮಾತೇ ಸರಿಯೆಂದು ತೋರುವುದು ಸಹಜ. ಶ್ರೀಮಂತನೂ ಅಂಗಡಿಯವನೂ ಒಂದೇ ಉಡುಪಿನಲ್ಲಿ ಒಂದೇ ಬಾಗಿಲಿನಿಂದ ಹೋಗುವುದು ಸಮತೆಯಲ್ಲದೆ ಮತ್ತೇನು? ಆದರೆ ಇನ್ನೊಂದು ಪಕ್ಷವೂ ಉಂಟು. ಅಮೆರಿಕದ ಚರಿತ್ರಕಾರ ಜೇಮ್ಸ್ ಜಾನ್ಸನ್ನರು ವೆನಿಸ್ಸಿನ ಮುಖವಾಡಗಳನ್ನು ಕುರಿತ ತಮ್ಮ 2011ರ ಗ್ರಂಥದಲ್ಲಿ, ಈ ಮುಖವಾಡವು ಮೇಲುಕೀಳನ್ನು ಅಳಿಸಲಿಲ್ಲ, ಉಳಿಸಿತು ಎಂದು ವಾದಿಸಿದ್ದಾರೆ. ಒತ್ತಾದ ಊರಿನಲ್ಲಿ, ಬೇರೆ ಬೇರೆ ಅಂತಸ್ತಿನವರು ಒಬ್ಬರನ್ನೊಬ್ಬರು ಮುಟ್ಟಿಕೊಂಡೇ ನಡೆಯಬೇಕಾದಲ್ಲಿ, ಯಾರ ಗೌರವಕ್ಕೂ ಕುಂದುಬಾರದಂತೆ ಬೆರೆಯುವುದಕ್ಕೆ ಅದು ಒಂದು ಉಪಾಯ. ಒಳಗಿರುವವರು ಯಾರೆಂದು ಅನೇಕ ವೇಳೆ ಎಲ್ಲರಿಗೂ ತಿಳಿದಿರುತ್ತಿದ್ದಿತು. ತಿಳಿಯದಂತೆ ಇರುವುದೇ ಮರ್ಯಾದೆ. ಬಡತನಕ್ಕೆ ಬಿದ್ದ ಶ್ರೀಮಂತ ಮನೆತನದವರು ಮುಖವಾಡ ತೊಟ್ಟು ಭಿಕ್ಷೆ ಬೇಡುತ್ತಿದ್ದುದುಂಟು. ಅಲ್ಲಿ ಮುಖವಾಡವು ವಂಚನೆಯಲ್ಲ, ಮಾನದ ಹೊದಿಕೆ.

ಸರ್ಕಾರವೇ 1638ರಲ್ಲಿ ತೆರೆದ ರಿದೊತ್ತೊ ಎಂಬ ಜೂಜಿನ ಮನೆಯಲ್ಲಿ ಈ ಎರಡನೆಯ ಪಕ್ಷದ ನಿಜವು ಕಣ್ಣಿಗೆ ಕಟ್ಟುವಂತಿದ್ದಿತು. ಅಲ್ಲಿಗೆ ಆಡಬರುವವರೆಲ್ಲ ಮುಖವಾಡ ತೊಡಬೇಕೆಂಬುದು ನಿಯಮ. ಹಣದ ರಾಶಿಯನ್ನು ಮುಂದಿಟ್ಟುಕೊಂಡು ಆಟವನ್ನು ನಡೆಸುವ ಹಕ್ಕು ಮಾತ್ರ ಆಳುವ ಮನೆತನದವರಿಗೆ ಮೀಸಲು; ಅವರು ಬರಿ ಮುಖದಿಂದ ಕೂರುತ್ತಿದ್ದರು. ಸೋಲುವವರಿಗೆಲ್ಲ ಮುಖವಾಡ, ಗೆಲ್ಲುವವನಿಗೆ ಮುಖ! ಎಷ್ಟೋ ಮನೆಗಳ ಆಸ್ತಿಯು ಆ ಮೇಜಿನ ಮೇಲೆ ಕರಗಿದ ಬಳಿಕ, 1774ರಲ್ಲಿ, ಅಲ್ಲಿಯ ಮಹಾಸಭೆಯು ಆ ಮನೆಯನ್ನು ಮುಚ್ಚಿಸಿತು. ಎಲ್ಲರೂ ಸಮಾನರಾಗಿ ಕಾಣುವ ಕಡೆಯಲ್ಲಿ, ಯಾರ ಮುಖ ಮುಚ್ಚಿಲ್ಲವೆಂಬುದನ್ನು ನೋಡಿದರೆ ಅಧಿಕಾರವು ಯಾರ ಕೈಯಲ್ಲಿದೆಯೆಂಬುದು ತಿಳಿದುಹೋಗುತ್ತದೆ.

ಬೌತಾವನ್ನು ಬಿಟ್ಟರೆ, ಹೆಂಗಸರಿಗೇ ಮೀಸಲಾದ ಇನ್ನೊಂದು ಮುಖವಾಡವಿದ್ದಿತು. ಅದರ ಹೆಸರು ಮೊರೆತ್ತಾ. ಕಪ್ಪು ಮಖಮಲ್ಲಿನ ಮೊಟ್ಟೆಯಾಕಾರದ ಬಿಲ್ಲೆ. ಕಣ್ಣಿಗೆ ಎರಡು ತೂತು. ಬಾಯಿಗೆ ಏನೂ ಇಲ್ಲ. ಕಟ್ಟಿಕೊಳ್ಳಲು ದಾರವೂ ಇಲ್ಲ. ಒಳಗಡೆ ಒಂದು ಗುಂಡಿಯನ್ನು ಹೊಲಿದಿರುವರು. ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದರೆ ಮುಖವಾಡವು ನಿಲ್ಲುತ್ತದೆ. ಬಾಯಿ ತೆರೆದರೆ ಬೀಳುತ್ತದೆ. ಎಂದರೆ ಅದನ್ನು ತೊಟ್ಟವಳು ಮೂಕಿ. ವೆನಿಸ್ಸಿನ ಚಿತ್ರಗಾರ ಪಿಯೆತ್ರೊ ಲೊಂಗಿಯು 1751ರ ಕಾರ್ನಿವಲ್ಲಿನ ಒಂದು ನೋಟವನ್ನು ಚಿತ್ರಿಸಿದ್ದಾನೆ. ಆ ಪಟವು ಈಗಲೂ ಆ ಊರಿನ ಕಾ ರೆಜ್ಜೋನಿಕೊ ಎಂಬ ಸಂಗ್ರಹಾಲಯದಲ್ಲಿದೆ. ಅದರ ನಡುವೆ ನಿಂತಿರುವುದು ನಮ್ಮ ದೇಶದ ಒಂದು ಖಡ್ಗಮೃಗ! ಮರಿಯಾಗಿದ್ದಾಗ ಸಿಕ್ಕಿ, ಬಂಗಾಳದಲ್ಲಿ ಡಚ್ಚರ ವ್ಯಾಪಾರಸಂಸ್ಥೆಯ ಅಧಿಕಾರಿಯೊಬ್ಬನ ಮನೆಯಲ್ಲಿ ಬೆಳೆದು, 1741ರಲ್ಲಿ ಹಡಗಿನಲ್ಲಿ ಹಾಲೆಂಡಿಗೆ ಹೋಗಿ, ಕ್ಲಾರಾ ಎಂಬ ಹೆಸರಿನಿಂದ ಯೂರೋಪಿನ ಊರೂರು ತಿರುಗಿದ ಪ್ರಾಣಿ ಅದು. ಲೊಂಗಿಯ ಪಟದಲ್ಲಿ ಅದು ತನ್ನ ಪಾಡಿಗೆ ಹುಲ್ಲು ತಿನ್ನುತ್ತಿದೆ. ಅದರ ಕೊಂಬು ಅದರ ಮೂತಿಯ ಮೇಲಿಲ್ಲ, ತೋರಿಸುವವನ ಕೈಯಲ್ಲಿದೆ. ಹಿಂದೆ ಕಟಕಟೆಯ ಆಚೆಗೆ ನೋಡುವ ಜನ. ಕೆಲವರದು ಬರಿ ಮುಖ, ಕೆಲವರಿಗೆ ಬೌತಾ, ಒಬ್ಬಾಕೆಗೆ ಮೊರೆತ್ತಾ. ಕೊಂಬು ಕಳೆದುಕೊಂಡ ಮೃಗವೂ ಮಾತು ಕಳೆದುಕೊಂಡ ಹೆಂಗಸೂ ಒಂದೇ ಚೌಕಟ್ಟಿನೊಳಗೆ ಇರುವುದನ್ನು ಕಂಡವರು, ಮುಖವಾಡವೆಲ್ಲ ಬಿಡುಗಡೆಯೆಂದು ಅಷ್ಟು ಸುಲಭವಾಗಿ ಹೇಳಲಾರರು.

ಇನ್ನು ಬೀದಿಯನ್ನು ಬಿಟ್ಟು ನಾಟಕಶಾಲೆಯನ್ನು ಹೊಗೋಣ. ವೆನಿಸ್ಸಿನಲ್ಲಿ ಕಾರ್ನಿವಲ್ಲೇ ನಾಟಕದ ಕಾಲ. ಹಣ ಕೊಟ್ಟವರೆಲ್ಲರೂ ಹೋಗಬಹುದಾದ ಮೊದಲನೆಯ ಸಂಗೀತನಾಟಕಶಾಲೆಯು ಲೋಕದಲ್ಲಿ ತೆರೆದುದು ಅಲ್ಲಿಯೇ, 1637ರಲ್ಲಿ. ಮಾತಿನ ನಾಟಕಗಳಲ್ಲಿಯಾದರೋ, ‘ಕೊಮೇದಿಯಾ ದೆಲ್ಲಾರ್ತೆ’ ಎಂಬ ಪದ್ಧತಿಗೆ ಬಹುಕಾಲ ಏಕಚ್ಛತ್ರಾಧಿಪತ್ಯವಿದ್ದಿತು. ಕಸುಬುದಾರರ ಪ್ರಹಸನವೆಂದು ಅದನ್ನು ಕರೆಯಬಹುದು. ನಟರು ಕೂಡಿ ಮೇಳವನ್ನು ಕಟ್ಟಿಕೊಂಡ ಅತಿ ಹಳೆಯ ಕರಾರುಪತ್ರವು ಪಾದುವಾ ಪಟ್ಟಣದಲ್ಲಿ 1545ರಲ್ಲಿ ಬರೆದುದು. ಬರೆದ ನಾಟಕವು ಈ ಮೇಳಗಳಲ್ಲಿರಲಿಲ್ಲ. ಕಥಾಸಾರವನ್ನು ಗೊತ್ತುಮಾಡಿಕೊಂಡು ಮಾತನ್ನು ರಂಗದ ಮೇಲೆ ಆಶುವಾಗಿ ಹೆಣೆಯುತ್ತಿದ್ದರು. ಪಾತ್ರಗಳೂ ಕಟ್ಟಿಟ್ಟವು. ವೆನಿಸ್ಸಿನ ಜಿಪುಣ ಸೆಟ್ಟಿ ಪಂತಲೋನೆ. ಬೊಲೋನ್ಯದ ಬಾಯಿಬಡುಕ ಪಂಡಿತ ದೊತ್ತೋರೆ. ಬೆರ್ಗಮೋ ಸೀಮೆಯ ಇಬ್ಬರು ಆಳುಗಳು, ಒಬ್ಬ ಕಿಲಾಡಿಯಾದ ಬ್ರಿಗೆಲ್ಲಾ, ಇನ್ನೊಬ್ಬ ಸದಾ ಹಸಿದ ಅರ್ಲೆಕ್ಕೀನೊ. ಇವರೆಲ್ಲರಿಗೂ ತೊಗಲಿನ ಅರೆಮುಖವಾಡ. ಪ್ರಣಯಿಗಳಿಗೂ ಹೆಣ್ಣುಪಾತ್ರಗಳಿಗೂ ಮಾತ್ರ ಮುಖವಾಡವಿಲ್ಲ. ಆ ಪಾತ್ರಗಳನ್ನು ಹೆಂಗಸರೇ ಆಡುತ್ತಿದ್ದರು. ಬೀದಿಯಲ್ಲಿ ಮೊರೆತ್ತಾ ಕಚ್ಚಿದವಳು ಮೂಕಿಯಾದರೆ, ರಂಗದ ಮೇಲಿನ ಹೆಣ್ಣು ಬರಿ ಮುಖದಿಂದ ಮಾತಾಡುತ್ತಿದ್ದಳೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಇನ್ನೂರು ವರ್ಷಗಳಲ್ಲಿ ಈ ಪದ್ಧತಿಯು ಹಳಸಿತು. ಅದೇ ಹಾಸ್ಯ, ಅದೇ ಒದೆತ, ಅದೇ ಅಶ್ಲೀಲ. ಆಗ ಬಂದವನು ಕಾರ್ಲೊ ಗೋಲ್ಡೋನಿ. ಇವನು ವೆನಿಸ್ಸಿನಲ್ಲಿ 1707ರಲ್ಲಿ ಹುಟ್ಟಿದವನು. ವೃತ್ತಿಯಿಂದ ವಕೀಲ, ಪ್ರವೃತ್ತಿಯಿಂದ ನಾಟಕಕಾರ. ಮುಖವಾಡವನ್ನು ಇವನು ಒಂದೇ ಏಟಿಗೆ ಕಿತ್ತೊಗೆಯಲಿಲ್ಲ. ‘ಇಬ್ಬರು ಒಡೆಯರ ಆಳು’ ಎಂಬ ಇವನ ಪ್ರಸಿದ್ಧ ಪ್ರಹಸನವು, ಸಾಕ್ಕಿ ಎಂಬ ಹೆಸರಾಂತ ಮುಖವಾಡದ ನಟನಿಗಾಗಿಯೇ ಹುಟ್ಟಿದುದು. ಮೊದಲು ಕಥಾಸಾರ ಮಾತ್ರ. ಆಮೇಲೆ ಮಾತುಗಳನ್ನೆಲ್ಲ ಬರೆದಿಟ್ಟನು. ಹೀಗೆ ಮೆಲ್ಲಮೆಲ್ಲನೆ ನಟರನ್ನೂ ಪ್ರೇಕ್ಷಕರನ್ನೂ ಬರೆದ ನಾಟಕಕ್ಕೆ ಒಗ್ಗಿಸಿದನು. 1750ರಲ್ಲಿ, ಮುಂದಿನ ಒಂದು ವರ್ಷದಲ್ಲಿ ಹದಿನಾರು ಹೊಸ ನಾಟಕಗಳನ್ನು ಕೊಡುವೆನೆಂದು ಊರಿಗೇ ಮಾತುಕೊಟ್ಟು, ಅದನ್ನು ನಡೆಸಿಯೂ ಬಿಟ್ಟನು.

ಮುಖವಾಡಕ್ಕೆ ಅವನ ಆಕ್ಷೇಪಣೆಯೇನು? ಮುಪ್ಪಿನಲ್ಲಿ ಫ್ರೆಂಚಿನಲ್ಲಿ ಬರೆದು 1787ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಅದನ್ನು ಅವನೇ ಹೇಳಿದ್ದಾನೆ. ನಟನು ಪ್ರೀತಿಸಲಿ, ಸಿಟ್ಟಾಗಲಿ, ನಗಿಸಲಿ, ನೋಡುವವರಿಗೆ ಕಾಣುವುದು ಅದೇ ತೊಗಲು. ದನಿಯನ್ನೂ ಕೈಯನ್ನೂ ಎಷ್ಟು ಬದಲಾಯಿಸಿದರೂ ಒಳಗಿನ ಭಾವವು ಮುಖದಲ್ಲಿ ಮೂಡುವುದಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಇದರ ಹಿಂದೆ ಇನ್ನೊಂದು ವಿಚಾರವಿದೆಯೆಂದು ನಮಗೆ ತೋರುತ್ತದೆ. ಕಟ್ಟಿಟ್ಟ ಮುಖವಾಡವೆಂದರೆ ಕಟ್ಟಿಟ್ಟ ತೀರ್ಪು. ಪಂತಲೋನೆಯು ಬರುವ ಮುನ್ನವೇ ಅವನು ಜಿಪುಣನೆಂದು ನಮಗೆ ಗೊತ್ತು. ಅವನ ಮಾತನ್ನು ನಾವು ಕೇಳಬೇಕಾಗಿಯೇ ಇಲ್ಲ. ಗೋಲ್ಡೋನಿಯ ಕೈಯಲ್ಲಿ ಈ ಪಂತಲೋನೆಯು ಬರಬರುತ್ತ ಮರ್ಯಾದಸ್ಥನಾದ ವರ್ತಕನಾದನು, ಮಕ್ಕಳ ಚಿಂತೆಯುಳ್ಳ ಗೃಹಸ್ಥನಾದನು. ಕೊನೆಗೆ ತೊಗಲನ್ನೂ ಹಳೆಯ ಹೆಸರನ್ನೂ ಕಳಚಿಕೊಂಡು ನೆರೆಮನೆಯ ಯಜಮಾನನೇ ಆಗಿಬಿಟ್ಟನು. ಅಂಗಡಿಯವರು, ಮೀನುಗಾರರು, ನೇಕಾರರು, ಮನೆವಾರ್ತೆಯ ಹೆಂಗಸರು, ಇವರೆಲ್ಲರಿಗೂ ರಂಗದ ಮೇಲೆ ತಮ್ಮ ತಮ್ಮ ಮುಖಗಳು ದೊರೆತವು.

ಹಾಗೆಂದು ಅವನು ಮುಖವಾಡದ ಗುಣವನ್ನು ಅರಿಯದವನಲ್ಲ. 1760ರಲ್ಲಿ ಆಡಿದ ‘ಒರಟರು’ ಎಂಬ ನಾಟಕವನ್ನು ನೋಡಿರಿ. ಕಾರ್ನಿವಲ್ಲಿನ ಕೊನೆಯ ದಿನಗಳು. ಊರೆಲ್ಲ ಹೊರಗಿದೆ, ಲುನಾರ್ದೊ ಎಂಬ ವರ್ತಕನು ಹೆಂಡತಿಯನ್ನೂ ಮಗಳು ಲುಚಿಯೆತ್ತಾಳನ್ನೂ ಮನೆಯ ಹೊರಕ್ಕೆ ಬಿಟ್ಟಿಲ್ಲ. ಮಗಳ ಮದುವೆಯನ್ನು ತನ್ನಂಥವನೇ ಆದ ಸ್ನೇಹಿತನ ಮಗ ಫಿಲಿಪ್ಪೆತ್ತೊಗೆ ನಿಶ್ಚಯಿಸಿದ್ದಾನೆ. ವರನು ವಧುವನ್ನು ನೋಡಿಲ್ಲ. ವಧುವು ವರನನ್ನು ನೋಡಿಲ್ಲ. ಮದುವೆಗೆ ಮುಂಚೆ ನೋಡಕೂಡದೆಂಬುದು ಅಪ್ಪಂದಿರ ಕಟ್ಟಪ್ಪಣೆ. ಆಗ ಫೆಲೀಚೆ ಎಂಬ ಗಟ್ಟಿಗಿತ್ತಿಯೊಬ್ಬಳು ಉಪಾಯವೊಂದನ್ನು ಹೂಡುತ್ತಾಳೆ. ಕಾರ್ನಿವಲ್ಲಿನಲ್ಲಿ ಮುಖವಾಡಧಾರಿಗಳು ಮನೆಗೆ ಬರುವುದು ಅಸಹಜವಲ್ಲವಷ್ಟೆ? ಹುಡುಗನಿಗೆ ಹೆಂಗಸಿನ ವೇಷ ಹಾಕಿಸಿ, ಮುಖವಾಡ ತೊಡಿಸಿ ಕರೆತರುತ್ತಾಳೆ. ಮುಖವಾಡವು ಸರಿದ ಆ ಒಂದು ಗಳಿಗೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ, ಮೆಚ್ಚುತ್ತಾರೆ. ಸಂಗತಿ ಬಯಲಾಗಿ ಗಂಡಸರು ರೇಗಿ ಕುಣಿದಾಗ, ಫೆಲೀಚೆಯು ಅಂಜದೆ ನಿಂತು ನ್ಯಾಯವನ್ನು ಹೇಳಿ ಅವರ ಬಾಯಿ ಮುಚ್ಚಿಸುತ್ತಾಳೆ. ಮುಖ ತೋರಿಸಬಾರದೆಂಬ ಮನೆಯಲ್ಲಿ ಮುಖ ತೋರಿಸುವುದಕ್ಕೆ ಒದಗಿದುದು ಮುಖವಾಡವೇ! ಮುಚ್ಚುವ ವಸ್ತುವೇ ಇಲ್ಲಿ ತೋರುವ ವಸ್ತುವಾಯಿತು. ಆ ಮನೆಯಲ್ಲಿ ನಿಜವಾದ ಮುಖವಾಡ ತೊಟ್ಟವರು ಯಾರೆಂದು ಕೇಳಿದರೆ, ಸದಾ ಗಂಟುಮೋರೆಯನ್ನೇ ಗೃಹಸ್ಥಧರ್ಮವೆಂದು ತಿಳಿದ ಆ ಯಜಮಾನರೇ ಎನ್ನಬೇಕಾಗುತ್ತದೆ.

ಗೋಲ್ಡೋನಿಗೆ ಪ್ರತಿಪಕ್ಷವೂ ಹುಟ್ಟಿತು. ಕೌಂಟ್ ಕಾರ್ಲೊ ಗೊಟ್ಸಿ ಎಂಬ ಶ್ರೀಮಂತನು, ಬೀದಿಯ ಮಾತನ್ನೂ ಅಡುಗೆಮನೆಯ ಜಗಳವನ್ನೂ ರಂಗಕ್ಕೆ ತರುವುದು ಕಲೆಯಲ್ಲವೆಂದು ವಾದಿಸಿ, ಬರಿಯ ಅಜ್ಜಿಕಥೆಯಿಂದಲೇ ನಾಟಕಶಾಲೆಯನ್ನು ತುಂಬಿಸಿ ತೋರುವೆನೆಂದು ಹೊರಟನು. 1761ರಲ್ಲಿ ‘ಮೂರು ಕಿತ್ತಳೆಗಳ ಪ್ರೇಮ’ವೆಂಬ ಮಾಯಾನಾಟಕವನ್ನು ಸಾಕ್ಕಿಯ ಮೇಳದಿಂದಲೇ ಆಡಿಸಿದನು. ಅದರಲ್ಲಿ ಬರುವ ಮಾಂತ್ರಿಕನೊಬ್ಬನು ಗೋಲ್ಡೋನಿಯ ಅಣಕ. ಜನರು ಮುಗಿಬಿದ್ದರು. 1762ರ ಕಾರ್ನಿವಲ್ಲಿನಲ್ಲಿ ‘ತುರಾಂದೊತ್’ ಬಂದಿತು. ಅದರಲ್ಲಿ ಪಂತಲೋನೆಯೂ ಅವನ ಜೊತೆಗಾರರೂ ಚೀನಾ ಚಕ್ರವರ್ತಿಯ ಆಸ್ಥಾನದಲ್ಲಿ ಓಡಾಡುತ್ತಾರೆ. ಗೊಟ್ಸಿಯ ಪಕ್ಷದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ನಿತ್ಯದ ಮುಖದಲ್ಲಿ ಕಾಣದ ಅದ್ಭುತವನ್ನು ಮುಖವಾಡವು ಕಾಣಿಸಬಲ್ಲುದು. ಇಲ್ಲವಾದರೆ ನೂರರುವತ್ತು ವರ್ಷಗಳ ಬಳಿಕ, 1921ರಲ್ಲಿ ಪ್ರೊಕೋಫಿಯೆವನೂ 1926ರಲ್ಲಿ ಪುಚ್ಚೀನಿಯ ಅಭಿಮಾನಿಗಳೂ ಅವೇ ಕಥೆಗಳನ್ನು ಸಂಗೀತನಾಟಕಗಳಾಗಿ ರಂಗದ ಮೇಲೆ ಕಾಣುವಂತಾಗುತ್ತಿರಲಿಲ್ಲ.

ಬೇಸತ್ತ ಗೋಲ್ಡೋನಿಗೆ ಪ್ಯಾರಿಸ್ಸಿನಿಂದ ಕರೆ ಬಂದಿತು. ಅದೇ 1762ರ ಕಾರ್ನಿವಲ್ಲಿನ ಕೊನೆಯಲ್ಲಿ ಅವನು ತನ್ನ ಊರಿಗೆ ವಿದಾಯ ಹೇಳಲು ಒಂದು ನಾಟಕವನ್ನು ಕೊಟ್ಟನು. ಅದರ ಹೆಸರೇ ‘ಕಾರ್ನಿವಲ್ಲಿನ ಕೊನೆಯ ಸಂಜೆಗಳಲ್ಲೊಂದು’. ಇದರಲ್ಲಿ ಮುಖವಾಡಗಳಿಲ್ಲ, ಮೆರವಣಿಗೆಯಿಲ್ಲ. ಜಮಾರಿಯಾ ಎಂಬ ರೇಷ್ಮೆ ನೇಕಾರನ ಮನೆಯಲ್ಲಿ ಅದೇ ಕಸುಬಿನ ಕೆಲವು ಮಂದಿ ಕೂಡಿ ಎಲೆಯಾಟವಾಡುತ್ತಾರೆ, ಊಟಮಾಡುತ್ತಾರೆ, ಕುಣಿಯುತ್ತಾರೆ. ಅವರಲ್ಲಿ ಆಂಜೊಲೆತ್ತೊ ಎಂಬ ತರುಣನೊಬ್ಬನುಂಟು. ರೇಷ್ಮೆಯ ಮೇಲೆ ನೇಯತಕ್ಕ ಹೂಬಳ್ಳಿಗಳ ನಕ್ಷೆಯನ್ನು ಬರೆಯುವುದು ಅವನ ಕೆಲಸ. ಅವನಿಗೆ ದೂರದ ಮಾಸ್ಕೋವಿನಿಂದ ಕರೆ ಬಂದಿದೆ. ಹೋಗಲು ಆಸೆ, ಬಿಟ್ಟುಹೋಗಲು ಸಂಕಟ. ಮನೆಯ ಮಗಳು ದೊಮೆನಿಕಾಳಲ್ಲಿ ಅವನಿಗೆ ಪ್ರೀತಿ. ತನ್ನ ಊರನ್ನು ಎಂದಿಗೂ ಮರೆಯೆನೆಂದು ಅವನು ಕೊನೆಯಲ್ಲಿ ಎಲ್ಲರಿಗೂ ಹೇಳುತ್ತಾನೆ. ಕಥೆ ಇಷ್ಟೆ. ಆದರೆ ನೋಡುತ್ತಿದ್ದವರಿಗೆ ಗೂಢವೇನೂ ಇರಲಿಲ್ಲ. ನಕ್ಷೆಗಾರನೇ ನಾಟಕಕಾರ, ನೇಕಾರರೇ ನಟರು, ನಕ್ಷೆಗಳೇ ನಾಟಕಗಳು, ಮಾಸ್ಕೋವೇ ಪ್ಯಾರಿಸ್ಸು. ಪುಸ್ತಕವಾಗಿ ಅಚ್ಚಾದಾಗ ಗೋಲ್ಡೋನಿಯೇ ಮುನ್ನುಡಿಯಲ್ಲಿ ಈ ಒಡಪನ್ನು ಬಿಡಿಸಿ ಹೇಳಿದನು.

ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಅನ್ಯೋಕ್ತಿಯೆಂದು ಹೆಸರು. ಒಂದನ್ನು ಹೇಳಿ ಇನ್ನೊಂದನ್ನು ತಿಳಿಸುವುದು. ಜೀವಮಾನವೆಲ್ಲ ನಟರ ಮುಖದಿಂದ ತೊಗಲನ್ನು ತೆಗೆಯಿಸಿದ ಮನುಷ್ಯನು, ತನ್ನ ಸ್ವಂತ ದುಃಖವನ್ನು ಹೇಳಬೇಕಾಗಿ ಬಂದಾಗ ತಾನೇ ಒಂದು ಮುಖವಾಡವನ್ನು ತೊಟ್ಟನು! ಅದು ತೊಗಲಿನದಲ್ಲ, ಮಾತಿನದು. ಬರಿ ಮುಖದಿಂದ ರಂಗಕ್ಕೆ ಬಂದು ‘ನಾನು ಹೋಗುತ್ತಿದ್ದೇನೆ, ನನ್ನೆದೆ ಒಡೆಯುತ್ತಿದೆ’ ಎಂದಿದ್ದರೆ ಅದು ಒಬ್ಬನ ಗೋಳಾಗುತ್ತಿದ್ದಿತು. ನಕ್ಷೆಗಾರನ ಮರೆಯಲ್ಲಿ ನಿಂತು ಹೇಳಿದುದರಿಂದ, ಊರು ಬಿಟ್ಟುಹೋಗುವ ಪ್ರತಿಯೊಬ್ಬನ ಮಾತೂ ಆಯಿತು. ಕಾವ್ಯದಲ್ಲಿ ಸಂಕೇತವು ಮಾಡುವ ಕೆಲಸವೇ ಇದು. ಅದು ಹೇಳುವವನನ್ನು ಮರೆಸಿ, ಹೇಳಬೇಕಾದುದನ್ನು ತೋರುತ್ತದೆ. ಗೋಲ್ಡೋನಿಯು ಆ ವಸಂತದಲ್ಲಿ ಹೊರಟುಹೋದನು. ಮತ್ತೆ ವೆನಿಸ್ಸನ್ನು ಕಾಣಲಿಲ್ಲ. 1793ರ ಫೆಬ್ರವರಿ 6ರಂದು ಪ್ಯಾರಿಸ್ಸಿನಲ್ಲಿ ಬಡತನದಲ್ಲಿ ತೀರಿಕೊಂಡನು. ನಾಲ್ಕು ವರ್ಷಗಳ ಬಳಿಕ, 1797ರ ಮೇ ತಿಂಗಳಲ್ಲಿ, ನೆಪೋಲಿಯನ್ನನ ಸೈನ್ಯದೆದುರು ವೆನಿಸ್ಸಿನ ರಾಜ್ಯವೂ ಇಲ್ಲವಾಯಿತು. ಅದರೊಡನೆ ಮುಖವಾಡದ ಹಳೆಯ ಬಾಳೂ ಮುಗಿಯಿತು. ಮತ್ತೆ ಅಲ್ಲಿ ಕಾರ್ನಿವಲ್ಲು ಊರಹಬ್ಬವಾಗಿ ಎದ್ದುದು 1979-80ರ ಸುಮಾರಿನಲ್ಲಿ. ಈಗ ಅದನ್ನು ತೊಡುವವರಲ್ಲಿ ಹೆಚ್ಚು ಮಂದಿ ಪ್ರವಾಸಿಗಳು. ಮುಚ್ಚಿಕೊಳ್ಳಲು ಅಲ್ಲ, ಛಾಯಾಚಿತ್ರದಲ್ಲಿ ಕಾಣಿಸಿಕೊಳ್ಳಲು.

ನಾಟಕಶಾಲೆಯಲ್ಲಿ ಮಾತ್ರ ಮುಖವಾಡವು ಅದಕ್ಕೆ ಮುಂಚೆಯೇ ಮರಳಿ ಬಂದಿದ್ದಿತು. ಮಿಲಾನ್ ನಗರದಲ್ಲಿ 1947ರಲ್ಲಿ ಹೊಸದಾಗಿ ಸ್ಥಾಪಿತವಾದ ಪಿಕ್ಕೊಲೊ ನಾಟಕಶಾಲೆಯಲ್ಲಿ ಜಾರ್ಜೊ ಸ್ಟ್ರೇಲರನು ‘ಇಬ್ಬರು ಒಡೆಯರ ಆಳು’ ನಾಟಕವನ್ನು ಆಡಿಸಿದನು. ಅರ್ಲೆಕ್ಕೀನೊ ಆದ ಮಾರ್ಚೆಲ್ಲೊ ಮೊರೆತ್ತಿಗೆ ಮುಖವಾಡವು ಹಿಡಿಸಲಿಲ್ಲ. ಮೊದಮೊದಲು ಅವನು ಮುಖಕ್ಕೆ ಕಪ್ಪು ಬಣ್ಣವನ್ನು ಬಳಿದುಕೊಂಡೇ ಆಡಿದನು. ಆಮ್ಲೇತೊ ಸಾರ್ತೋರಿ ಎಂಬ ಶಿಲ್ಪಿಯು ಹಳೆಯ ವಿದ್ಯೆಯನ್ನು ಹುಡುಕಿ ಮರಳಿ ಕಲಿತು ತೊಗಲಿನ ಮುಖವಾಡಗಳನ್ನು ಮಾಡಿಕೊಟ್ಟ ಮೇಲೆ ಅದನ್ನು ತೊಟ್ಟನು, ಅದರಿಂದಲೇ ಲೋಕಪ್ರಸಿದ್ಧನಾದನು. 1961ರಲ್ಲಿ ಅವನು ತೀರಿಕೊಂಡ ಬಳಿಕ ಆ ವೇಷವು ಫೆರ್ರುಚ್ಚೊ ಸೊಲೇರಿಗೆ ಬಂದಿತು. ಸೊಲೇರಿಯವರು ಎಂಬತ್ತು ವರ್ಷ ದಾಟಿದ ಮೇಲೂ ಆ ಹಸಿದ ಹುಡುಗ ಆಳಾಗಿ ರಂಗದ ಮೇಲೆ ಜಿಗಿದಾಡಿದರು. ಆಟ ಮುಗಿದು ಅವರು ಮುಖವಾಡವನ್ನು ತೆಗೆದಾಗ ಒಳಗಿನ ವೃದ್ಧಮುಖವನ್ನು ಕಂಡು ಸಭೆಯು ಬೆರಗಾಗುತ್ತಿದ್ದಿತು. ಆ ಹುಡುಗುತನವು ಸುಳ್ಳೆಂದು ಅಲ್ಲಿ ಯಾರಿಗೂ ಅನ್ನಿಸಲಿಲ್ಲ.

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಮುಖವಾಡವು ಯಾವಾಗ ಮುಚ್ಚುತ್ತದೆ, ಯಾವಾಗ ತೋರುತ್ತದೆ? ಬೌತಾ, ಮೊರೆತ್ತಾ, ಜೂಜಿನ ಮನೆ, ಫಿಲಿಪ್ಪೆತ್ತೊ, ಸೊಲೇರಿ, ಇವರೆಲ್ಲರನ್ನೂ ಒಟ್ಟಿಗೆ ನೋಡಿದರೆ ಉತ್ತರವೊಂದು ಹೊಳೆಯುತ್ತದೆ. ತಾನಾಗಿ ತೊಟ್ಟು, ಹೊತ್ತು ಬಂದಾಗ ತಾನಾಗಿ ತೆಗೆಯಬಲ್ಲ ಮುಖವಾಡವು ಮನುಷ್ಯನನ್ನು ತೋರುತ್ತದೆ. ಇತರರು ತೊಡಿಸಿದುದು, ಬಾಯಿ ತೆರೆದರೆ ಬೀಳುವುದೆಂಬ ಭಯದಿಂದ ಕಚ್ಚಿಕೊಂಡಿರಬೇಕಾದುದು, ಅವನನ್ನು ನು‌ಂಗುತ್ತದೆ. ಕಾರ್ನಿವಲ್ಲಿಗೆ ಕೊನೆಯ ದಿನವೊಂದನ್ನು ಗೊತ್ತುಮಾಡಿದವರು ಇದನ್ನು ಅರಿತಿದ್ದರೋ ಏನೋ.

ಗೃಹಸ್ಥರಾದ ನಮಗೆ ಇದು ದೂರದ ಊರಿನ ಮಾತಲ್ಲ. ಯಜಮಾನನ ಗಾಂಭೀರ್ಯ, ಅತ್ತೆಯ ಗತ್ತು, ಸೊಸೆಯ ಮೌನ, ಮಗನ ವಿಧೇಯತೆ, ಇವೆಲ್ಲ ಮನೆವಾರ್ತೆಯ ಮುಖವಾಡಗಳೇ. ಅವುಗಳಿಲ್ಲದೆ ಸಂಸಾರವು ನಡೆಯಲಾರದು. ಹತ್ತು ಮಂದಿ ಒತ್ತಾಗಿ ಬಾಳುವ ಕಡೆಯಲ್ಲಿ ಕೊಂಚ ಮರೆಯು ಮರ್ಯಾದೆಯೂ ಹೌದು. ಆದರೆ ದಿನದಲ್ಲಿ ಒಂದು ಗಳಿಗೆಯಾದರೂ ಅವುಗಳನ್ನು ಗೂಟಕ್ಕೆ ತೂಗುಹಾಕಿ, ಮಾತಾಡುವ ಬಾಯಿಗಳನ್ನೂ ನಗುವ ಕಣ್ಣುಗಳನ್ನೂ ನೋಡಲು ಸಾಧ್ಯವಾಗುವ ಮನೆಯು ಒಳ್ಳೆಯ ಮನೆ. ವಿಶೇಷವಾಗಿ, ಯಾರ ಹಲ್ಲಿನಲ್ಲಿ ಗುಂಡಿಯಿದೆಯೋ ಅವರನ್ನು ಮೊದಲು ಮಾತಾಡಿಸತಕ್ಕದ್ದು.